ಐದನೆಯ ಗುರುತು

ಪದಕದ ವಿಷಯ ನೀವು ಅವನ ತಂಗಿಯನ್ನು ಕೇಳಿ.
ಟ್ರೂರೋದಲ್ಲಿದ್ದಾಳೆ. ನೇರಳೆ ಬಿಳಿ ಪಟ್ಟಿಯ ಸಮೇತ
ಗಾಜಿನ ಪೆಟ್ಟಿಗೆಯಲ್ಲಿಟ್ಟು ಗುರುವಾರ ಗುರುವಾರ ಒರೆಸುತ್ತಾಳೆ.
ನನಗೆ ಗೊತ್ತಿರುವುದು ಎಂಜಿನ್ನು,
ಮತ್ತೆ ಅವನ ಬೂಟು.

ನಾನು ಗಾರ್ಬಟ್, ಹಲ್ ಬಂದರಿನವನು, ಫಿಟ್ಟರು.
ಕೆಂಟ್ ಸೀಮೆಯ ಹುಲ್ಲುಬಯಲು, ನಲವತ್ತನೇ ಇಸವಿಯ ಬೇಸಿಗೆ.
ನಸುಕಿನ ಮೂರೂವರೆಗೆದ್ದು
ಇಬ್ಬನಿ ನೆಕ್ಕಿದ ರೆಕ್ಕೆ ಒರೆಸಿ
ಎಂಜಿನ್ನಿನ ಕೆಮ್ಮು ಬಿಡಿಸುವುದು ನನ್ನ ಪಾಲು.
ಆಮೇಲೆ ಅವನು ಬರುವನು: ಪಾಸ್ಕೋ,
ಕಾರ್ನ್‌ವಾಲಿನ ಜೇಡಿಗಣಿ ಮೇಸ್ತ್ರಿಯ ಮಗ, ಇಪ್ಪತ್ತೊಂದು,
ಉಗುರುಸಂದಿಯಲ್ಲಿ ಬಿಳಿಮಣ್ಣು ಇನ್ನೂ ಉಳಿದಿದೆಯೇನೋ ಎಂಬಂತೆ
ಕೈ ಕೈ ಉಜ್ಜುತ್ತ.

ನೆಟ್ಟಗೆ ಬಾಲದ ಹಿಂದಕ್ಕೆ ಹೋಗಿ ಕಕ್ಕುವನು.
ದಿನಾ. ಹಲ್ಲುಜ್ಜಿದಷ್ಟು ಶಿಸ್ತಾಗಿ.
ಬಾಯೊರೆಸಿಕೊಂಡು, 'ಗಾಳಿ ಹೇಗಿದೆ, ಗಾರ್ಬಟ್?'
'ಪಡುವಣದ್ದು, ಸರ್' ಎನ್ನುತ್ತ
ನಾನು ಬೂಟುಗಾಲಲ್ಲಿ ಮಣ್ಣೆಳೆದು ಮುಚ್ಚುವೆ.
ತನ್ನ ಹೊಟ್ಟೆಯದನ್ನು ಅವನು ನೆಲಕ್ಕೆ ಚೆಲ್ಲಿದ;
ನಾನದನ್ನು ಐವತ್ತು ವರ್ಷ
ನನ್ನ ಹೊಟ್ಟೆಯಲ್ಲಿಟ್ಟುಕೊಂಡೆ.

ನೀವು ಸಾಹಸ ಕೇಳುತ್ತೀರಿ.
ಪಟ್ಟಿ ಬಿಗಿಯುವಾಗ ಅವನೆದೆ
ನನ್ನ ಹೆಬ್ಬೆರಳಿಗೆ ಬಡಿಯುತ್ತಿತ್ತು. ಅಷ್ಟು ಬರೆದುಕೊಳ್ಳಿ.

ಬಂದೂಕಿನ ಬಾಯಿಗೆ ನಾವು ಕೆಂಪುಬಟ್ಟೆ ಅಂಟಿಸುತ್ತಿದ್ದೆವು.
ಗುಂಡು ಹಾರಿದರೆ ಬಟ್ಟೆ ಹರಿದು
ರೆಕ್ಕೆ ಸಿಳ್ಳು ಹಾಕುತ್ತ ಮರಳುತ್ತದೆ.
ಹುಲ್ಲಲ್ಲಿ ಬಿದ್ದುಕೊಂಡು ಕಿವಿಯಲ್ಲೇ ಲೆಕ್ಕ ಹಾಕುವೆವು:
ಯಾರದು ಮೌನ, ಯಾರದು ಸಿಳ್ಳು,
ಯಾರದು ಏನೂ ಇಲ್ಲ.
ಇಳಿದು ಅವನು ಬೆರಳೆತ್ತಿದರೆ
ನಾನು ಬಣ್ಣದ ಡಬ್ಬಿಯ ಮುಚ್ಚಳ ಎತ್ತುವೆ.
ಒಂದು. ಎರಡು. ಆಗಸ್ಟಿನ ಒಂದೇ ಮಧ್ಯಾಹ್ನ ಮೂರು, ನಾಲ್ಕು.

ಸೆಪ್ಟೆಂಬರಿನ ಆ ಸಂಜೆ ಸಿಳ್ಳು ಬಂತು, ಬೆರಳು ಏಳಲಿಲ್ಲ.
ಪ್ರೊಪೆಲ್ಲರು ನಿಂತ ಮೇಲೂ ಒಳಗೇ ಕೂತಿದ್ದ.
ಕಚೇರಿಯವನು ಕಾಗದ ಹಿಡಿದು ಬಂದ, ಕೇಳಿದ, ಬರೆದ:
'ಖಚಿತ'. ನಾನು ಬಳಿದೆ.

ರಾತ್ರಿ ಹನ್ನೊಂದಕ್ಕೆ ಟಾರ್ಚಿಗೆ ಅಂಗೈ ಅಡ್ಡ ಹಿಡಿದು ಬಂದ.
'ಗಾರ್ಬಟ್, ಟರ್ಪೆಂಟೈನ್ ಇದೆಯಾ?'
ತಾನೇ ಉಜ್ಜಿದ, ತಗಡು ಬೆಳ್ಳಗೆ ಕಾಣುವವರೆಗೆ.
'ಸೂರ್ಯ ಕಣ್ಣಿಗೇ ಇದ್ದ' ಅಂದ. ತುಂಬ ಹೊತ್ತಿನ ಮೇಲೆ,
'ರೆಕ್ಕೆಯ ತುದಿ ದುಂಡಗಿತ್ತು.'
ಅವರದು ಚೌಕ. ಹೊಲದ ಹುಡುಗರಿಗೂ ಗೊತ್ತಿತ್ತು.
ಪಕ್ಕದ ಬಯಲಿಂದ ಆ ಸಂಜೆ ಹನ್ನೆರಡು ಹೋಗಿ
ಹನ್ನೊಂದು ಬಂದಿದ್ದವು.
ಕೂಡಿಸು ಎಂದು ಯಾರೂ ನನಗೆ ಹೇಳಲಿಲ್ಲ.

ಹೇಳಿದನೋ ಮೇಲಿನವರಿಗೆ? ಹೇಳಿದ. ಎರಡು ಸಲ.
'ಮಲಗಿ ನಿದ್ದೆ ಮಾಡು, ಪಾಸ್ಕೋ' ಅಂದರಂತೆ.
ಮರುದಿನ ಬಾಲದ ಹಿಂದೆ ಕಕ್ಕಿದ, ಹತ್ತಿದ.
ಇದನ್ನು ಧೈರ್ಯ ಅನ್ನಬೇಕೋ ಬೇರೇನೋ,
ನಾನು ಫಿಟ್ಟರು, ನನಗೆ ಗೊತ್ತಿಲ್ಲ.

ಮಾಲ್ಟಾಕ್ಕೆ ಇಬ್ಬರೂ ಹೋದೆವು: ಸುಣ್ಣಕಲ್ಲಿನ ಧೂಳು,
ದಿನಕ್ಕೊಂದು ಡಬ್ಬಿ ಮಾಂಸ, ಹಲ್ಲು ಮುರಿಯುವ ಬಿಸ್ಕತ್ತು.
ಹೊಸ ವಿಮಾನಕ್ಕೆ ಹಳೆಯ ಗುರುತು ತಿರುಗಿ ಬಿಡಿಸಬೇಕು.
ನಾಲ್ಕು ಬಿಡಿಸಿದೆ, ಒಂದರ ಜಾಗ ಬಿಟ್ಟೆ,
ಆಮೇಲೆ ಆರು, ಆಮೇಲೆ ಏಳು.
ಹಲ್ಲುದುರಿದ ಬಾಯಿ.
ಅವನು ನೋಡಿದ; ಆ ದಿನ ನನಗೆ ಸಿಗರೇಟು ಹಚ್ಚಿಕೊಟ್ಟ.

ಅರಮನೆಯಲ್ಲಿ ಓದಿದ ಕಾಗದದಲ್ಲಿ ಏಳು.
ಲೆಕ್ಕಕ್ಕುಂಟು, ತಗಡಿನ ಮೇಲಿಲ್ಲ.

ಯುದ್ಧವಾದ ಮೇಲೆ ಒಂದೇ ಸಲ ಸಿಕ್ಕ, ಹಲ್‌ನಲ್ಲೇ.
ಬಸ್ ಕಂಪನಿಯಲ್ಲಿ ಹುಡುಗರಿಗೆ ಚಾಲನೆ ಕಲಿಸುತ್ತಿದ್ದನಂತೆ.
ಹಂಬರ್ ದಡದ ಬೆಂಚಿನಲ್ಲಿ ಕಾಗದದೊಳಗಿನ ಕರಿದ ಮೀನು ತಿಂದೆವು.
ದುಂಡು ರೆಕ್ಕೆಯ ಹುಡುಗನ ತಾಯಿಯ ಊರು
ಅಲ್ಲಿಂದ ಎರಡು ರೈಲು ದೂರವೆಂದ.
ಹೋಗಿದ್ದೆಯಾ ಎಂದು ನಾನು ಕೇಳಲಿಲ್ಲ.
ಎಣ್ಣೆ ಒರೆಸಿಕೊಳ್ಳುವ ನೆಪದಲ್ಲಿ
ಇಬ್ಬರೂ ಕೈ ಕೈ ಉಜ್ಜಿಕೊಂಡೆವು.

ಒಳ್ಳೆಯ ಕೆಲಸ ಮಾಡಿದ್ದೀರಿ, ಹುಡುಗರೇ.
ರಿವೆಟ್ಟುಗಳು ಸಾಲು ತಪ್ಪಿಲ್ಲ, ಗಾಜು ಹೊಳೆಯುತ್ತದೆ.
ಪಕ್ಕೆಯ ಮೇಲೆ ಏಳೂ ಗುರುತು, ಸ್ಕೇಲು ಹಿಡಿದು ಬರೆದಂತೆ.
ನಾಳೆ ತಂಗಿ ರಿಬ್ಬನ್ ಕತ್ತರಿಸುತ್ತಾಳೆ, ಗೊತ್ತು.

ಒಂದು ಏಣಿ ಕೊಡಿ. ಹಳೆಯ ಬಟ್ಟೆಯ ತುಂಡು.
ಟರ್ಪೆಂಟೈನ್ ಎಲ್ಲಿಟ್ಟಿದ್ದೀರಿ?