ಅಡ್ಡ ಬಂದ ಹಲ್ಲು

ಕೆಂಗೇರಿಯಿಂದ ಮಾರ್ಕೆಟ್ಟಿಗೆ, ದಿನಕ್ಕೆ ಎಂಟು ಸಿಂಗಲ್.
ಕೊನೆಯ ಸ್ಟಾಪಿನೆದುರು ವಿಕ್ಟೋರಿಯಾ ಆಸ್ಪತ್ರೆಯ ಗೋಡೆ.
ಅದರೊಳಗೇ ಹಲ್ಲಿನ ಕಾಲೇಜು, ಗೊತ್ತಿತ್ತು.
ನಾಲ್ಕು ತಿಂಗಳು ಆ ಗೋಡೆ ನೋಡಿ ವಾಪಸು ಬಂದೆ
ಬಾಯಲ್ಲೊಂದು ಕೊಳೆತ ಕಲ್ಲು ಇಟ್ಟುಕೊಂಡು.

ಮುರಿದಿದ್ದು ಸಿರ್ಸಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ,
ನಿಪ್ಪಟ್ಟಿಗೆ. ಅದೂ ನನ್ನದಲ್ಲ,
ಮುಂದಿನ ಸೀಟಿನ ಅಜ್ಜಿ ಮುರಿದುಕೊಟ್ಟ ಅರ್ಧ.
ಕಟ್ ಅಂದದ್ದು ನಿಪ್ಪಟ್ಟೇ ಅಂದುಕೊಂಡು ನುಂಗಿಬಿಟ್ಟೆ.
ಉಳಿದ ಹಲ್ಲು ಅಲ್ಲೇ ನಿಂತಿತು
ಟಿಕೆಟ್ ತೆಗೆಯದವನ ಹಾಗೆ
ಮುಖ ಆಚೆ ತಿರುಗಿಸಿ.

ಇಪ್ಪತ್ತಮೂರಕ್ಕೆ ಬಂದ ಹಲ್ಲು ಅದು,
ನನಗೆ ಬ್ಯಾಡ್ಜು ಸಿಕ್ಕ ವರ್ಷ.
ದವಡೆ ಊದಿದಾಗ ಅಮ್ಮ,
'ಬುದ್ಧಿ ಬರ್ತಿದೆ ಕಣೇ, ತಡ್ಕೋ' ಅಂದಿದ್ದಳು.
ತಡೆದುಕೊಂಡೆ. ಹಲ್ಲು ಬಂತು, ಅಡ್ಡಡ್ಡ.
ಬುದ್ಧಿಯ ವಿಷಯ ಅಮ್ಮ ಆಮೇಲೆ ಎತ್ತಲಿಲ್ಲ.

ಡ್ರೈವರ್ ಹೆಸರು ಯಾಲಕ್ಕಿಗೌಡ,
ದಿನಾ ಡಬ್ಬಿ ತೆಗೆದು ಕೊಡುತ್ತಿದ್ದದ್ದು ಲವಂಗ.
ಉಪ್ಪುನೀರು, ಇಂಗು, ಹತ್ತಿಯಲ್ಲದ್ದಿದ ಎಣ್ಣೆ,
ಡಿಪೋದಲ್ಲಿ ಎಲ್ಲರ ಹತ್ತಿರವೂ ಒಂದೊಂದು ಔಷಧಿ.
ರಜೆ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಕಡೆಗೊಂದು ಬುಧವಾರ
ಸೀಟಿ ತುಟಿಗಿಟ್ಟರೆ ಗಾಳಿ ಹೋಗಿ ಹಲ್ಲಿಗೆ ಹೊಡೆದು
ಕಣ್ಣ ಮುಂದಿನ ನಾಯಂಡಹಳ್ಳಿ ಬೆಳ್ಳಗಾಯಿತು.
ನಾಣ್ಯದಿಂದ ಕಂಬಿ ಕುಟ್ಟಿದೆ. ಟಣ್, ಟಣ್.
ಗೌಡರಿಗೆ ಕೇಳಿಸಲಿಲ್ಲ.
ಸೇವಂತಿಗೆ ಬುಟ್ಟಿಯವಳು ಕೂಗಿದಳು:
'ರೈಟ್! ಆಯಮ್ಮಂಗೆ ಹಲ್ಲುನೋವು, ರೈಟ್!'
ಬ್ಯಾಟರಾಯನಪುರ ದಾಟುವಷ್ಟರಲ್ಲಿ
ಬಸ್ಸಿಗೆ ಬಸ್ಸೇ ನನ್ನ ಬಾಯಿ.
ಒಳಗ್ ಹೋಗ್ರೀ, ಬಾಗ್ಲು ಬಿಡ್ರೀ, ಚಿಲ್ರೆ ಕೊಡ್ರೀ,
ಹದಿನೆಂಟು ವರ್ಷ ನಾನು ಬೈದದ್ದನ್ನೆಲ್ಲ
ಒಬ್ಬರಿಗೊಬ್ಬರು ಬೈದುಕೊಂಡು ಮಾರ್ಕೆಟ್ ತಲುಪಿದರು.

ಕುರ್ಚಿ ಹಿಂದಕ್ಕೆ ಒರಗಿತು.
ಸಫೂರಾ ಅಂತ, ಮುಳಬಾಗಿಲಿನ ಹುಡುಗಿ, ಇನ್ನೂ ಓದುತ್ತಿದ್ದಾಳೆ.
ನನಗಿಂತ ಹೆಚ್ಚು ಬೆವರಿದ್ದು ಅವಳೇ.
'ಬೇರು ಕೊಕ್ಕೆ ಥರ ಇದೆ ಅಕ್ಕಾ, ಸ್ವಲ್ಪ...'
ಮರಗಟ್ಟಿದ ಬಾಯೊಳಗೆ ನೋವಿಲ್ಲ, ಬರೀ ಸದ್ದು,
ಹಳೇ ಗಾಡಿಗೆ ಗೇರು ಬೀಳದ ಸದ್ದು.
ಎರಡು ತುಂಡಾಗಿ ಬಂತು. ಅವಳು ನಕ್ಕಳು.
ನಗಲು ನನಗೆ ಬಾಯಿರಲಿಲ್ಲ.

'ಬೇಕಾ?' ಅಂದಳು. ಕೈ ಚಾಚಿದೆ.
ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿಗೆ ಎಸೆಯುತ್ತಿದ್ದೆವು.
ಈಗಿನ ಬಾಡಿಗೆ ಮನೆಯ ನೆತ್ತಿಯ ಮೇಲೆ ಇನ್ನೆರಡು ಬಾಡಿಗೆ ಮನೆ.
ಟಿಕೆಟ್ ಚೂರಿನಲ್ಲಿ ಸುತ್ತಿ, ಡಿಪೋದ ಕತ್ತಲಲ್ಲಿ,
ನಮ್ಮ ಬಸ್ಸಿನ ತಲೆಯ ಮೇಲೆ ಎಸೆದೆ.
ಗೌಡರು ಮೊದಲೇ ಒರೆಸಿದ್ದ ಕನ್ನಡಿಯನ್ನು
ಮತ್ತೊಮ್ಮೆ ಒರೆಸಿದರು.

ಈಗ ನಾಲಿಗೆ ಸುಮ್ಮನಿರುವುದಿಲ್ಲ.
ಚೀಲದ ಮೂಲೆಯಲ್ಲಿ ಒಂದು ರೂಪಾಯಿಗೆ ತಡಕುವ ಬೆರಳಿನಂತೆ
ಆ ಗುಂಡಿಗೆ ಹೋಗುತ್ತದೆ, ಬರಿಗೈಲಿ ಬರುತ್ತದೆ, ಮತ್ತೆ ಹೋಗುತ್ತದೆ.
ಇಳಿಯುವವರು ಚಿಲ್ಲರೆ ಕೇಳುತ್ತಾರೆ.
ಇಲ್ಲ ಅನ್ನುತ್ತೇನೆ,
ಅರ್ಧ ಬಾಯಲ್ಲಿ.