ಸಾರಿಗೆ ವೆಚ್ಚ

ಕೇಪ್ ಟೌನಿನ ಬೆನ್ನಿಗಿರುವ ಮರಳು ಬಯಲಲ್ಲಿ
ಮುಚ್ಚಿಹೋದ ಬಟ್ಟೆ ಗಿರಣಿಯ ಗೋದಾಮು ನಮ್ಮ ಕಲಾಮನೆ.
ಹದಿನಾರು ವರ್ಷದಿಂದ ನಜ್ಲಿ ಫಾರ್ಟುಯಿನ್ ಅದರ ಮುಖ್ಯಸ್ಥೆ.
ನಾನು ಲೆಕ್ಕ ಬರೆಯುವವಳು.
ಆಗ್ನೇಯದ ಗಾಳಿ ಎದ್ದ ದಿನ
ಮೊದಲು ಸೂರಿನ ತಗಡು ಬಾರಿಸುತ್ತದೆ,
ಆಮೇಲೆ ಹುಡುಗರ ಗೂಮಾ ಡೋಲು.

ಬೆಟ್ಟದಡಿಯ ದೊಡ್ಡ ರಂಗಮಂದಿರಕ್ಕೆ
ನಗರಸಭೆ ಕೊಡುವ ಹಣದ ಹೆಸರು ಕಲೆ.
ನಮಗೆ ಕೊಡುವುದು ಸಮುದಾಯ ಅಭಿವೃದ್ಧಿ,
ಅಪರಾಧ ತಡೆ, ಒಂದು ವರ್ಷವಂತೂ ಕ್ಷಯರೋಗದ ಅರಿವು.
ಅದೇ ಡೋಲು ಅಲ್ಲಿ ಬಾರಿಸಿದರೆ ಸಂಗೀತ,
ಇಲ್ಲಿ ಬಾರಿಸಿದರೆ ಔಷಧಿ.
ಊಟಕ್ಕೆ ಮಾತ್ರವೇ ಪಂಕ್ತಿಭೇದ?
ಅರ್ಜಿಗೂ ಪಂಕ್ತಿಗಳಿರುತ್ತವೆ.

ಹೋದ ಸಲ ನಾಲ್ಕನೆಯ ಪಂಕ್ತಿಗೆ ಕೆಂಪು ಗೆರೆ ಎಳೆದು ಕಳಿಸಿದರು:
ಸಾರಿಗೆ ವೆಚ್ಚ, ಇದು ಕಲೆಯಲ್ಲ.
ಏಳಕ್ಕೆ ಕೊನೆಯ ಟ್ಯಾಕ್ಸಿ. ಏಳೂವರೆಗೆ
ಎರಡು ಗುಂಪಿನ ಪಿಸ್ತೂಲುಗಳು ಬೀದಿಯನ್ನು ಪಾಲು ಮಾಡಿಕೊಳ್ಳುತ್ತವೆ.
ಆರೂ ಮುಕ್ಕಾಲಿಗೆ ನಿಲ್ಲುವ ತಾಲೀಮಿನಲ್ಲಿ
ಯಾವ ನಾಟಕಕ್ಕೂ ಮೂರನೆಯ ಅಂಕ ಹುಟ್ಟುವುದಿಲ್ಲ.

ನಜ್ಲಿ ಜಗಳಕ್ಕೆ ಹೋಗಲಿಲ್ಲ.
ಈ ಸಲ ಅವಳು ಹೇಳಿದಳು, ನಾನು ಬರೆದೆ:
ನೃತ್ಯ ಸಂಯೋಜಕ, ಶರೀಫ್ ಗಮಿಯೆಟ್, ವಯಸ್ಸು ಅರವತ್ತೊಂದು.
ಕೃತಿ: ಇಪ್ಪತ್ತಮೂರು ದೇಹ, ಒಂದು ವ್ಯಾನು,
ಕತ್ತಲಲ್ಲಿ ಹದಿನೇಳು ಬಾಗಿಲುಗಳ ಕಡೆಗೆ ಚಲನೆ.
ಅವಧಿ ಐವತ್ತು ನಿಮಿಷ. ವಾರಕ್ಕೆ ನಾಲ್ಕು ಪ್ರದರ್ಶನ.

ಸಮಿತಿ ಕರೆಸಿ ಕೇಳಿತು: ಇವರ ತರಬೇತಿ?
“ಇಪ್ಪತ್ತೆರಡು ವರ್ಷ ಮೀನಿನ ಲಾರಿ.”
ಯಾರೋ ನಕ್ಕರು. ಅವಳು ನಗಲಿಲ್ಲ.
“ಈವರೆಗೆ ಒಂದು ಮಗುವೂ ಹೆಜ್ಜೆ ತಪ್ಪಿಲ್ಲ. ಗುರುವಾರ ಬನ್ನಿ,
ಹಿಂದಿನ ಸೀಟು ಖಾಲಿ ಇದೆ.”

ಬಂದದ್ದು ಒಬ್ಬಳೇ, ಕೆಲಸಕ್ಕೆ ಹೊಸಬಳು, ನೊಂಬುಲೆಲೊ.
ತೊಡೆಯ ಮೇಲೆ ಯಾರದೋ ಡೋಲು, ಭುಜದ ಮೇಲೆ
ಯಾರದೋ ನಿದ್ದೆಗಣ್ಣಿನ ತಲೆ.
ಪ್ರತಿ ಬಾಗಿಲಲ್ಲೂ ಶರೀಫ್ ದೀಪ ಆರಿಸಿ
ಎರಡು ಸಲ ಮೆಲ್ಲಗೆ ಹಾರ್ನ್ ಒತ್ತುತ್ತಿದ್ದ.
ಪರದೆ ಸರಿಯಬೇಕು, ಒಳಗೆ ಬಲ್ಬು ಹತ್ತಬೇಕು,
ಆಮೇಲೇ ಗೇರು.
ಹದಿನೇಳನೆಯ ಬಲ್ಬಿಗೆ ಅವಳ ಕೈಗಳು
ಚಪ್ಪಾಳೆಗೆಂದು ಎದ್ದು, ನಾಚಿ, ಡೋಲಿನ ಮೇಲೆ ಕೂತವು.

ಕೇಳಿದ್ದರಲ್ಲಿ ಅರ್ಧ ಬಂತು.
ಹಿಂದಿನ ಎಡ ಟಯರು ಇನ್ನೂ ಬೋಳು.
ಡೀಸೆಲ್ಲನ್ನು ಖಾತೆಯಲ್ಲಿ
ರಂಗಸಜ್ಜಿಕೆ ಎಂದು ಬರೆಯಲೋ, ಬೆಳಕು ಎಂದೋ
ನನಗಿನ್ನೂ ತಿಳಿದಿಲ್ಲ; ನಜ್ಲಿಯನ್ನು ಕೇಳೋಣವೆಂದರೆ
ಅವಳು ಒಳಗೆ, ಆ ಗದ್ದಲದ ನಡುವೆ.
ಮೂರನೆಯ ಅಂಕ ಕಟ್ಟುತ್ತಿದ್ದಾರೆ.
ಎಂಟು ಗಂಟೆ.