ಆಯಿ, ದಿನಕ್ಕೆ ಹನ್ನೊಂದು ಸಲ

ಅಥಣಿ ರಸ್ತೆಯ ನರ್ಸಿಂಗ್ ಕಾಲೇಜಿನ ಎರಡನೇ ಮಹಡಿ,
ಕನ್ನಡಿಯಂಥ ಗಾಜಿನ ಹಿಂದೆ ನನ್ನ ಕುರ್ಚಿ.
ಅವರಿಗೆ ನಾನು ಕಾಣುವುದಿಲ್ಲ.
ನನ್ನ ಕೆಲಸ: ಉಸಿರು ಏರಿಸುವುದು, ಇಳಿಸುವುದು,
ನಡುವೆ ನಿಲ್ಲಿಸುವುದು, ಇಪ್ಪತ್ತು ಎಣಿಸುವ ತನಕ,
ಮತ್ತೆ ಬಿಡುವುದು.
ಆಮೇಲೆ ಒಂದು ಗುಂಡಿ.

ಮಂಚದ ಮೇಲಿನವಳು ರಬ್ಬರಿನ ಹೆಂಗಸು.
ಪೆಟ್ಟಿಗೆಯಿಂದ ಎತ್ತಿದಾಗ ಕೆಂಪು ಪೇರಲದ ಹೋಳಿನ ಬಣ್ಣ.
ದಾನಮ್ಮ ಟೀಚರು ಹಳೇ ಇಳಕಲ್ ಸೀರೆ ಉಡಿಸಿದರು,
ನಾಟಕದ ಸಾಮಾನಿನ ಅಂಗಡಿಯಿಂದ ನರೆಗೂದಲು ತಂದರು,
ಹಣೆಗೆ ವಿಭೂತಿ.
ಹಾಳೆಯಲ್ಲಿ ಬರೆದರು: ಊರು ಕೊಲ್ಹಾರ, ವಯಸ್ಸು ಎಪ್ಪತ್ತೆರಡು,
ಹೊಟ್ಟೆಯ ಕ್ಯಾನ್ಸರು, ಇನ್ನು ಔಷಧವಿಲ್ಲ.
ಹುಡುಗಿಯರು ಆಯಿ ಎಂದರು. ಅದೇ ಹೆಸರಾಯಿತು.

ಆಯಿ ಇವತ್ತು ಹನ್ನೊಂದು ಸಲ ಸಾಯಬೇಕು,
ಊಟದ ಮೊದಲು ಆರು, ಆಮೇಲೆ ಐದು.

ಅವಳ ದನಿ ಟೀಚರದು, ನನ್ನ ಪಕ್ಕ ಮೈಕು ಹಿಡಿದು:
"ನಾ ಉಳೀತೀನೇನ ಯವ್ವಾ?"
ಒಬ್ಬಳು ಅಂದಳು, ಏನೂ ಆಗೂದಿಲ್ಲ ಆಯಿ, ನಾಳೆ ಮನಿಗೆ ಹೋಗೂಣು.
ಟೀಚರು ಮೈಕು ಮುಚ್ಚಿ ಹಣೆ ಒತ್ತಿಕೊಂಡರು.
ಒಬ್ಬಳು ಬಿ.ಪಿ. ನೋಡಿದಳು, ಮತ್ತೆ ನೋಡಿದಳು,
ಕೈಗೆ ಏನಾದರೂ ಕೆಲಸ ಬೇಕಲ್ಲ.
ಒಬ್ಬಳು ನಕ್ಕಳು, ನಿಲ್ಲಿಸಲಾರದೆ ಹೊರಗೋಡಿ ವಾಂತಿ ಮಾಡಿಕೊಂಡಳು.
ಮೆಹಜಬೀನ್ ಹತ್ತಿ ನೀರಲ್ಲಿ ಅದ್ದಿ ತುಟಿಗೆ ಒತ್ತಿದಳು,
ಬಾಯಿಯಂಚಿಗೆ ಇಳಿದ ಹನಿಯನ್ನು
ಏಪ್ರನ್ನಿನ ತುದಿಯಿಂದ ಒರೆಸಿದಳು.

ಏಳನೆಯ ಸಲ, ಎರಡು ಇಪ್ಪತ್ತಕ್ಕೆ, ಕರೆಂಟು ಹೋಯಿತು.
ಯುಪಿಎಸ್ಸು ಎರಡು ಸಲ ಕೂಗಿ ಸುಮ್ಮನಾಯಿತು.
ಆಯಿ ಹೇಳದೆ ಕೇಳದೆ ಹೊರಟುಹೋದಳು.
ಹಾಳೆಯ ಪ್ರಕಾರ ಇನ್ನೂ ನಾಲ್ಕು ನಿಮಿಷ ಇತ್ತು.
ಗುಂಡಿ ನಾನು ಒತ್ತಿರಲಿಲ್ಲ.
ಹೇಳಿಬಿಡುತ್ತೇನೆ, ನನಗದು ಒಂದು ನಮೂನೆ ಹಗುರ.

ಫ್ಯಾನು ನಿಂತಿತು, ವಿಜಾಪುರದ ಏಪ್ರಿಲ್ಲು ಕಿಟಕಿಯಿಂದ ಒಳಗೆ ಬಂತು.
ಉಳಿದವರು ಸರಿದು ನಿಂತು ಮೊಬೈಲು ತೆಗೆದರು.
ತಾಂಡಾದ ಹುಡುಗಿ ರುಕ್ಮಾ ರಾಠೋಡ
ಹಿಡಿದ ಕೈ ಬಿಡಲಿಲ್ಲ.
ಬಗ್ಗಿ ಆ ರಬ್ಬರಿನ ಕಿವಿಗೆ ಏನೋ ಅಂದಳು,
ತನ್ನ ಮನೆಮಾತಿನಲ್ಲಿ ಇರಬೇಕು, ಉದ್ದಕ್ಕೆ, ಅವಸರವಿಲ್ಲದೆ.
ಮೈಕು ಸತ್ತಿತ್ತು.
ತುಟಿ ಅಲುಗಿದ್ದಷ್ಟೇ ನಮ್ಮ ಪಾಲಿಗೆ.

ಆಮೇಲೆ ಎಲ್ಲರೂ ಸುತ್ತ ಕೂತಾಗ ಟೀಚರು ಕೇಳಿದರು,
ಏನಂದಿ ಅಕಿ ಕಿವ್ಯಾಗ?
"ಏನಿಲ್ರಿ. ಎಮ್ಮಿ ಕಟ್ಟೇನಿ, ಒಲಿ ಆರಿಸೇನಿ,
ಬಾಗಲಾ ಹಾಕೇನಿ, ನೀ ಮಲಕೋ ಅಂದ್ನಿರಿ."
ಟೀಚರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
ಅಂಕದ ಹಾಳೆಯಲ್ಲಿ ಏನು ಬರೆದರೋ ನೋಡಲಿಲ್ಲ.

ಕರೆಂಟು ಬಂತು. ಉಳಿದ ನಾಲ್ಕು ಸಾವು ಐದು ಗಂಟೆಗೆ ಮುಗಿದವು.
ಸೀರೆ ಮಡಚಿ, ನರೆಗೂದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ
ಗದ್ದದ ತನಕ ಚಾದರ ಎಳೆದೆ.
ಸ್ವಿಚ್ಚು ತೆಗೆದ ಮೇಲೂ ಆಯಿ ಒಮ್ಮೆ ರೆಪ್ಪೆ ಬಡಿಯುತ್ತಾಳೆ;
ಮಷೀನಿನ ದೋಷ, ಕಂಪನಿಗೆ ಬರೆದಿದ್ದೇವೆ.

ಬಾಗಿಲು ಹಾಕಿದೆ.
ಅರ್ಧ ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದು
ಚಿಲಕ ಮುಟ್ಟಿ ನೋಡಿದೆ.